ಉತಾರದಲ್ಲಿ ‘ಖರಾಬು’, ಕುರಿಗೆ ಹುಲ್ಲುಗಾವಲು

ಏಳನೆಯ ವರ್ಗದ ಮಕ್ಕಳಿಗೆ ಊರಿನ ಜಮೀನಿನ ಪಾಠ ಹೇಳುವಾಗ ನಾವು ಒಂದು ಸಾತಬಾರಾ ಉತಾರವನ್ನು ವರ್ಗಕ್ಕೆ ಒಯ್ದಿದ್ದೆವು. ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಇದೊಂದು ಅನುಕೂಲ. ಪಾಠ ಕನ್ನಡದಲ್ಲಿ, ಕಾಗದ ಮರಾಠಿಯಲ್ಲಿ. ಮಕ್ಕಳು ಎರಡನ್ನೂ ಓದುತ್ತಾರೆ. ಸಾಗುವಳಿಯ ಕ್ಷೇತ್ರ ಎಷ್ಟು, ಆಕಾರ ಎಷ್ಟು ಎಂದು ಒಂದೊಂದೇ ಸಾಲು ಓದಿಸುತ್ತ ‘ಪೋಟಖರಾಬ’ ಎಂಬ ಶಬ್ದಕ್ಕೆ ಬಂದೆವು. ಬಿತ್ತನೆಗೆ ಬಾರದ ನೆಲ, ಅದಕ್ಕೆ ಕಂದಾಯವಿಲ್ಲ ಎಂದು ಅರ್ಥ ಹೇಳಿದೆವು. ಹಿಂದಿನ ಸಾಲಿನಲ್ಲಿದ್ದ ಕುರುಬರ ಹುಡುಗನೊಬ್ಬ ಎದ್ದು ನಿಂತ. “ಸರ, ನಮ್ಮ ಕುರಿ ಮೇಯೂ ಮಡ್ಡಿಗಿ ಖರಾಬ ಅಂತ ಯಾಕ ಬರ್ದಾರ್ರಿ? ಅಲ್ಲಿ ಹುಲ್ಲು ಛಲೋ ಬರ್ತೈತಲ್ರಿ!”

ವರ್ಗದಲ್ಲಿ ನಗು ಎದ್ದಿತು. ನಾವು ನಗಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಆ ಹುಡುಗ ಕೇಳಿದ್ದು ಸುಮಾರು ಇನ್ನೂರು ವರ್ಷಗಳ ಪ್ರಶ್ನೆ ಎಂದು ಮನೆಗೆ ಬಂದ ಮೇಲೆ ಹೊಳೆಯಿತು. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ. ಮಕ್ಕಳಿಗೂ ಓದಿ ಹೇಳಬಹುದು, ಊರಿನ ಹಿರಿಯರ ಮುಂದೆಯೂ ಓದಬಹುದು.

ಮೊದಲು ನೆಲದ ಪರಿಚಯ. ಸೊಲ್ಲಾಪುರ, ಅಕ್ಕಲಕೋಟೆ, ಮಂಗಳವೇಢೆ, ಜತ್ತ ಈ ಭಾಗವೆಲ್ಲ ಸಹ್ಯಾದ್ರಿಯ ಮಳೆನೆರಳಿನ ನಾಡು. ಸೊಲ್ಲಾಪುರದಲ್ಲಿ ವರ್ಷಕ್ಕೆ ಸರಾಸರಿ 500ರಿಂದ 600 ಮಿಲಿಮೀಟರ್ ಮಳೆ. ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಳ್ಳ ಹೊಳೆಗಳ ಬದಿಗೆ ಆಳವಾದ ಎರಿ ಮಣ್ಣು. ಅಲ್ಲಿ ಹಿಂಗಾರಿ ಜೋಳ ಬೆಳೆಯುತ್ತದೆ. ಮಂಗಳವೇಢೆಯ ಮಾಲದಂಡಿ ಜೋಳ ನಮಗೆಲ್ಲ ಗೊತ್ತು. ಮೇಲಿನ ದಿಬ್ಬಗಳಲ್ಲಿ ಗೇಣು ಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಕಪ್ಪು ಬಂಡೆ. ಅದೇ ಮಡ್ಡಿ. ಮರಾಠಿಯವರು ಅದನ್ನು ಮಾಳ ಎನ್ನುತ್ತಾರೆ. ಅಲ್ಲಿ ಮರ ಎತ್ತರಕ್ಕೆ ಬೆಳೆಯುವುದಿಲ್ಲ, ಪೈರು ನಿಲ್ಲುವುದಿಲ್ಲ. ಆದರೆ ನಾಲ್ಕು ಮಳೆ ಬಿದ್ದರೆ ಹುಲ್ಲು ಬರುತ್ತದೆ.

ಈ ನೆಲಕ್ಕೆ ತಕ್ಕಂತೆ ಕುರುಬರ ವರ್ಷ ಕಟ್ಟಿಕೊಂಡಿತ್ತು. ಮಳೆಗಾಲದಲ್ಲಿ ಹಿಂಡು ಮಡ್ಡಿಯ ಮೇಲೆ. ಆಗ ಹೊಳೆದಂಡೆಗೆ ಇಳಿಯುವುದಿಲ್ಲ. ಹಸಿ ನೆಲದಲ್ಲಿ ನಿಂತರೆ ಕುರಿಯ ಗೊರಸು ಕೊಳೆಯುತ್ತದೆ, ಜವುಗಿನ ಹುಲ್ಲು ತಿಂದರೆ ಪಿತ್ತಜನಕಾಂಗಕ್ಕೆ ಹುಳು ಹತ್ತುತ್ತದೆ. ಆ ಹುಳು ಜವುಗಿನ ಬಸವನಹುಳುವಿನ ಮೂಲಕ ಬರುತ್ತದೆ ಎಂದು ಪಶುವೈದ್ಯರು ಹೇಳುತ್ತಾರೆ. ಕುರುಬರಿಗೆ ಜವುಗನ್ನು ದೂರವಿಡಬೇಕೆಂಬುದು ಅನುಭವದಿಂದಲೇ ಗೊತ್ತಿತ್ತು. ಮಾಘ ಫಾಲ್ಗುಣದಲ್ಲಿ ಹಿಂಗಾರಿ ಜೋಳದ ಕೊಯ್ಲು ಮುಗಿದ ಮೇಲೆ ಹಿಂಡು ಎರಿ ಹೊಲಗಳಿಗೆ ಇಳಿಯುತ್ತದೆ. ಕೂಳೆ ಮೇಯುತ್ತದೆ, ರಾತ್ರಿ ಅದೇ ಹೊಲದಲ್ಲಿ ತರುಬುತ್ತದೆ. ಕುರಿಯ ಹಿಕ್ಕಿ, ಗಂಜಳ ಹೊಲಕ್ಕೆ ಗೊಬ್ಬರ. ಕುರುಬನಿಗೆ ಕಾಳೋ ಹಣವೋ ಸಿಗುತ್ತದೆ. ಬೇಸಿಗೆ ಬಿರುಸಾದಂತೆ ಭೀಮಾ, ಸೀನಾ, ಬೋರಿ ಹೊಳೆಸಾಲಿಗೆ ಹೋಗುತ್ತದೆ. ನೀರು ಇಳಿದ ದಂಡೆಯಲ್ಲಿ ಗರಿಕೆ ಹಸಿರಾಗಿರುತ್ತದೆ, ಜಾಲಿಯ ಕಾಯಿ ಉದುರಿರುತ್ತದೆ. ಮಿರಗದ ಮಳೆ ಹತ್ತಿರ ಬಂದರೆ ಮತ್ತೆ ಮಡ್ಡಿಯ ದಾರಿ.

ಇದನ್ನು ಅಲೆಮಾರಿತನ ಎಂದು ಹಗುರವಾಗಿ ಹೇಳಿಬಿಡುವವರಿದ್ದಾರೆ. ಹುಲ್ಲಿನ ಕಡೆಯಿಂದ ನೋಡಿದರೆ ಅದೊಂದು ವ್ಯವಸ್ಥೆ. ಹುಲ್ಲಿನ ಬೆಳೆಯುವ ಕುಡಿ ತುದಿಯಲ್ಲಿಲ್ಲ, ನೆಲದ ಹತ್ತಿರ ಇರುತ್ತದೆ. ಆದ್ದರಿಂದ ಕುರಿ ಮೇಲಿನ ಎಲೆ ಕಡಿದರೂ ಹುಲ್ಲು ಸಾಯುವುದಿಲ್ಲ. ಬುಡದಿಂದ ಮತ್ತೆ ಮರಿ ಒಡೆಯುತ್ತದೆ. ಆದರೆ ಚಿಗುರಿದ್ದನ್ನು ವಾರವಾರವೂ ಕಡಿಸಿದರೆ ಬೇರಿನಲ್ಲಿ ಕೂಡಿಟ್ಟ ಶಕ್ತಿಯೆಲ್ಲ ತೀರುತ್ತದೆ. ಬೀಜ ಕಟ್ಟುವ ಮೊದಲೇ ತಿನ್ನಿಸಿದರೆ ಮುಂದಿನ ವರ್ಷದ ಹುಲ್ಲು ಇಲ್ಲ. ಹಾಗಾದರೆ ಮೇಯಿಸದೇ ಬಿಟ್ಟರೆ? ಒಣಗಿದ ಹುಲ್ಲು ವರ್ಷದಿಂದ ವರ್ಷಕ್ಕೆ ಮೇಲೆ ಕೂತು ಹೊಸ ಚಿಗುರಿಗೆ ಬೆಳಕು ಸಿಗುವುದಿಲ್ಲ. ಒಂದು ಕಿಡಿ ಬಿದ್ದರೆ ಎಲ್ಲ ಬೂದಿ. ಹುಲ್ಲಿಗೆ ಬಾಯಿಯೂ ಬೇಕು, ಬಿಡುವೂ ಬೇಕು. ದಿನವೂ ಜಾಗ ಬದಲಿಸುವ, ಋತುವಿಗೊಮ್ಮೆ ನಾಡನ್ನೇ ಬದಲಿಸುವ ಹಿಂಡು ಎರಡನ್ನೂ ಕೊಡುತ್ತಿತ್ತು.

ಮಡ್ಡಿಯ ಹುಲ್ಲು ಕಾಡು ಕಡಿದ ಮೇಲೆ ಬಂದದ್ದು, ಮೊದಲು ಇಲ್ಲೆಲ್ಲ ದಟ್ಟ ಅರಣ್ಯವಿತ್ತು ಎಂದು ನಾವೂ ಚಿಕ್ಕವರಿದ್ದಾಗ ಕಲಿತವರು. ಅದು ಪೂರ್ತಿ ನಿಜವಲ್ಲ. 2025ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಶಿಷ್ ನೇರಲೇಕರ್ ಮತ್ತು ದಿಗ್ವಿಜಯ ಪಾಟೀಲ್ ಎಂಬ ಸಂಶೋಧಕರು ಮರಾಠಿಯ ಹಳೆಯ ಓವಿ, ಸಂತಚರಿತ್ರೆ, ಸ್ಥಳಕಥೆಗಳಲ್ಲಿ ಬರುವ ಗಿಡಮರಗಳ ಹೆಸರುಗಳನ್ನು ಹೆಕ್ಕಿ ನೋಡಿದರು. ಹೆಚ್ಚಿನವು ಬಯಲು ಹುಲ್ಲುಗಾವಲಿನ ಗಿಡಗಳೇ. ಪಶ್ಚಿಮ ಮಹಾರಾಷ್ಟ್ರದ ಮಾಳ ಕನಿಷ್ಠ 750 ವರ್ಷಗಳಿಂದ ಮಾಳವೇ ಆಗಿತ್ತು ಎಂಬುದು ಅವರ ತೀರ್ಮಾನ. ಧನಗರರ ಬಾಯಿಂದ ಜರ್ಮನಿಯ ವಿದ್ವಾಂಸ ಗುಂಥರ್ ಸೊಂಥೈಮರ್ ಬರೆದುಕೊಂಡ ಓವಿಗಳೂ ಅಲ್ಲಿ ಸಾಕ್ಷಿಯಾದವು.

ನಮ್ಮ ಕನ್ನಡದ ಸಾಕ್ಷಿಗಳೂ ಕಡಿಮೆಯಿಲ್ಲ. ಸೊಲ್ಲಾಪುರವೆಂದರೆ ಸಿದ್ಧರಾಮನ ಸೊನ್ನಲಿಗೆ. ಕೆರೆ ಕಟ್ಟಿಸಿದ ಆ ಶಿವಯೋಗಿಗೆ ಮಲ್ಲಯ್ಯ ಎದುರಾದದ್ದು ಆತ ದನ ಕಾಯುವ ಹುಡುಗನಾಗಿದ್ದಾಗ ಎಂಬ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಅಂದರೆ ಈ ಊರಿನ ಪುಣ್ಯಕಥೆ ಹುಲ್ಲುಗಾವಲಿನಲ್ಲೇ ಶುರುವಾಗುತ್ತದೆ. ಮಂಗಳವೇಢೆ ತಾಲೂಕಿನ ಹುಲಜಂತಿಯಲ್ಲಿ ದೀಪಾವಳಿಗೆ ಮಾಳಿಂಗರಾಯನ ಜಾತ್ರೆ ನಡೆಯುತ್ತದೆ. ಡೊಳ್ಳಿನ ಸದ್ದಿನಲ್ಲಿ ಪಲ್ಲಕ್ಕಿಗಳ ಭೇಟಿಯಾಗುತ್ತದೆ. ಕನ್ನಡದ ಕುರುಬರು, ಮರಾಠಿಯ ಧನಗರರು ಒಂದೇ ಭಂಡಾರ ಹಣೆಗೆ ಹಚ್ಚುತ್ತಾರೆ. ಕನ್ನಡನಾಡಿನ ಊರೂರಲ್ಲಿ ನಿಂತಿರುವ ತುರುಗೋಳ್ ವೀರಗಲ್ಲುಗಳು ದನದ ಹಿಂಡಿಗಾಗಿ ಪ್ರಾಣ ಕೊಟ್ಟವರ ಕಲ್ಲುಗಳು. ಮೇವು, ಹಿಂಡು ಇವೇ ಸಂಪತ್ತಾಗಿದ್ದ ಕಾಲ ಅದು. ಪಾಳು ಎನ್ನುವ ಮಾತು ಆಗ ಆ ನೆಲಕ್ಕೆ ಅಂಟಿರಲಿಲ್ಲ.

ಮರಾಠರ ಆಳ್ವಿಕೆಯಲ್ಲಿ ಸರ್ಕಾರಿ ಕುದುರೆಗಳಿಗಾಗಿ ‘ಕುರಣ’ಗಳನ್ನು ಕಾದಿಡುತ್ತಿದ್ದರು. ಕುರಣವೆಂದರೆ ಮಳೆಗಾಲದಲ್ಲಿ ದನ ಬಿಡದೆ ಕಾಯ್ದ ಹುಲ್ಲು. ದಸರೆಯ ನಂತರ ಕೊಯ್ದು ಬಣವೆ ಹಾಕಿ, ಆಮೇಲೆ ದನಕರುಗಳಿಗೆ ಬಿಡುವುದು ರೂಢಿ. ಬಿತ್ತಿದ ಹೊಲದಂತೆಯೇ ಹುಲ್ಲಿಗೂ ಕಾವಲು, ಕೊಯ್ಲು ಎಲ್ಲ ಇತ್ತು.

1818ರಲ್ಲಿ ಪೇಶ್ವೆಯ ರಾಜ್ಯ ಬ್ರಿಟಿಷರ ಕೈಗೆ ಹೋಯಿತು. ಅವರಿಗೆ ಬೇಕಾದದ್ದು ಕಂದಾಯ. ಪ್ರಿಂಗಲ್ ಎಂಬ ಅಧಿಕಾರಿ ಮಾಡಿದ ಮೊದಲ ಮೋಜಣಿ ಕೆಟ್ಟಿತು. ನಂತರ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ 1836ರಲ್ಲಿ ಇಂದಾಪುರದಿಂದ ಹೊಸ ಪದ್ಧತಿ ಶುರುಮಾಡಿದರು. ಅದು ಸೊಲ್ಲಾಪುರ ಭಾಗಕ್ಕೂ ಬಂತು. 1847ರ ಜಂಟಿ ವರದಿ ಅದಕ್ಕೆ ಪಕ್ಕಾ ನಿಯಮ ಹಾಕಿತು. ಮಣ್ಣಿನ ಆಳ, ಬಣ್ಣ ನೋಡಿ ಒಂಬತ್ತು ವರ್ಗ. ಒಂದೊಂದಕ್ಕೆ ಇಷ್ಟಿಷ್ಟು ಆಣೆ. ಬಿತ್ತಲು ಬಾರದ ತುಂಡನ್ನು ಲೆಕ್ಕದಿಂದ ಕಳೆದು ಖರಾಬು ಎಂದು ಬರೆದರು. ನ್ಯಾಯವಾಗಿ ನೋಡಿದರೆ ಇದು ರೈತನಿಗೆ ಉಪಕಾರವೇ. ಬೆಳೆಯದ ನೆಲಕ್ಕೆ ಆತ ತೆರಿಗೆ ಕಟ್ಟಬೇಕಿರಲಿಲ್ಲ. ಆದರೆ ಲೆಕ್ಕದ ಅನುಕೂಲಕ್ಕೆ ಬರೆದ ಒಂದು ಶಬ್ದ ಕಾಲಕ್ರಮದಲ್ಲಿ ನೆಲದ ಗುಣವೇ ಆಗಿಹೋಯಿತು. ಜೋಳ ಬೆಳೆದರೆ ನೆಲ, ಹುಲ್ಲು ಬೆಳೆದರೆ ಖರಾಬು!

ಕಂದಾಯದ ದರ ಇಳಿದದ್ದರಿಂದ ಸಾಗುವಳಿ ದಿಬ್ಬದ ಕಡೆಗೆ ಏರಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬಂಗಾರದ ಬೆಲೆ ಬಂದಾಗ ಇನ್ನಷ್ಟು ಬೀಡು ನೆಲ ನೇಗಿಲಿಗೆ ಬಿತ್ತು. 1876ರಿಂದ 1878ರ ಮಹಾಬರ ಸೊಲ್ಲಾಪುರ, ವಿಜಾಪುರ ಎರಡನ್ನೂ ಹಿಂಡಿತು. ಮೇವಿಲ್ಲದೆ ದನಗಳು ಸತ್ತವು. ಹಿಂದೆ ಬರಗಾಲಕ್ಕೆ ಆಸರೆಯಾಗುತ್ತಿದ್ದ ಹುಲ್ಲುಗಾವಲು ಆ ಹೊತ್ತಿಗೆ ಕಿರಿದಾಗಿತ್ತು ಎಂಬುದನ್ನು ಪಾಠ ಮಾಡುವಾಗ ನಾವು ಹೇಳುವುದೇ ಇಲ್ಲ.

ಇದೇ ಕಾಲದಲ್ಲಿ ಎರಡು ಕಾನೂನು ಬಂದವು. 1871ರ ಕಾನೂನಿನಂತೆ ಪರರ ಹೊಲ ಹೊಕ್ಕ ದನವನ್ನು ಕೊಂಡವಾಡಕ್ಕೆ ಕಟ್ಟಿ ದಂಡ ವಸೂಲಿ ಮಾಡಬಹುದು. 1879ರ ಮುಂಬಯಿ ಭೂಕಂದಾಯ ಸಂಹಿತೆಯಂತೆ ಊರಿನ ದನಗಳಿಗೆ ಉಚಿತ ಮೇವಿನ ನೆಲ ಬಿಡಬಹುದು. ಅದೇ ನಮ್ಮ ಗಾಯರಾನ. ಇದು ಒಳ್ಳೆಯ ಕಾನೂನೇ. ಆದರೆ ಅದರ ಮುಂದಿನ ಕಲಮು ಆ ಹಕ್ಕನ್ನು ಆಯಾ ಊರಿನ ದನಗಳಿಗಷ್ಟೇ ಸೀಮಿತಗೊಳಿಸಿತು. ಮಳೆ ಬಿದ್ದ ಕಡೆ ನಡೆಯುವ ಹಿಂಡಿಗೆ ಕಾಗದದಲ್ಲಿ ಊರೇ ಇಲ್ಲದಂತಾಯಿತು. ಅಂದಿನಿಂದ ಕುರುಬ ದಾರಿಯುದ್ದಕ್ಕೂ ಒಬ್ಬ ಪರಕೀಯ. ಸಂಸ್ಥಾನಗಳಾಗಿದ್ದ ಅಕ್ಕಲಕೋಟೆ, ಜತ್ತ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು. ಮುಂದೆ 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆಯಲ್ಲೂ ಗಾಯರಾನದ ವಿಚಾರ ಮುಂದುವರಿಯಿತು.

1972ರ ಬರ ನಮ್ಮ ಹಿರಿಯರಿಗೆ ಇನ್ನೂ ನೆನಪಿದೆ. ಖಡಿ ಒಡೆಯುವ ಕೆಲಸ, ಸುಕಡಿ ತಿಂದ ದಿನಗಳು. ಆಮೇಲೆ ಬಂದ ಬರಪೀಡಿತ ಪ್ರದೇಶ ಕಾರ್ಯಕ್ರಮದಲ್ಲಿ ಸೊಲ್ಲಾಪುರ ಜಿಲ್ಲೆಯ ಮಾಳಗಳಲ್ಲಿ ಪ್ಲಾಟು ಮಾಡಿ, ಕಂದಕ ತೋಡಿ, ಮೇಯಿಸುವುದಕ್ಕೆ ತಡೆ ಹಾಕಿದರು. ಕೆಲವೇ ವರ್ಷಗಳಲ್ಲಿ ಹುಲ್ಲು ಎದ್ದು ನಿಂತಿತು. ಸೊಲ್ಲಾಪುರದಿಂದ ಸುಮಾರು 20 ಕಿಲೋಮೀಟರ್ ದೂರದ ನಾನ್ನಜದ ಮಾಳದಲ್ಲಿ ಒಂದು ದೊಡ್ಡ ಹಕ್ಕಿ ಎಲ್ಲರ ಕಣ್ಣಿಗೆ ಬಿತ್ತು. ಮರಾಠಿಯಲ್ಲಿ ಮಾಳಢೋಕ, ನಮ್ಮ ಬಳ್ಳಾರಿ ಸೀಮೆಯಲ್ಲಿ ಎರ್ಲಡ್ಡು. ಎತ್ತರ ಒಂದು ಮೀಟರು, ಗಂಡಿನ ತೂಕ 15 ಕಿಲೋದವರೆಗೆ. ನೆಲದ ಮೇಲೆಯೇ ಒಂದೇ ಒಂದು ಮೊಟ್ಟೆ ಇಡುತ್ತದೆ. ದೂರದವರೆಗೆ ಕಣ್ಣು ಹಾಯುವ ಬಯಲು ಅದಕ್ಕೆ ಬೇಕು. ಗಿಡ ದಟ್ಟವಾದರೆ ಆ ಜಾಗ ಬಿಡುತ್ತದೆ. 1979ರಲ್ಲಿ ಅದಕ್ಕಾಗಿ ಅಭಯಾರಣ್ಯ ಘೋಷಣೆಯಾಯಿತು. ವಿಸ್ತಾರ ಸುಮಾರು 8,496 ಚದರ ಕಿಲೋಮೀಟರ್!

ಇಷ್ಟು ದೊಡ್ಡ ಗೆರೆಯೊಳಗೆ ಊರುಗಳು, ಪೇಟೆಗಳು, ಸಾವಿರಾರು ಜನರ ಹೊಲಗಳು ಎಲ್ಲ ಬಂದವು. ಜಮೀನು ಮಾರಲು ತೊಡಕು, ಬಾವಿ ರಸ್ತೆಗೆ ತೊಡಕು. ಜನರ ಸಿಟ್ಟು ಹಕ್ಕಿಯ ಮೇಲೆ ತಿರುಗಿತು. ಬಹಳ ವರ್ಷಗಳ ನಂತರ ಗೆರೆಯನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಿದರು. ಅಷ್ಟರಲ್ಲಿ ಇನ್ನೊಂದು ತಪ್ಪೂ ಆಗಿತ್ತು. ಹುಲ್ಲಷ್ಟೇ ಇದ್ದರೆ ನೆಲ ಖಾಲಿ ಎಂಬ ಅದೇ ಹಳೆಯ ಭಾವನೆಯಿಂದ ಪ್ಲಾಟುಗಳಲ್ಲಿ ಗ್ಲಿರಿಸಿಡಿಯದಂಥ ಪರದೇಶದ ಗಿಡ ನೆಟ್ಟರು. ಗಿಡ ಬೆಳೆದಂತೆ ಹಕ್ಕಿಯ ಬಯಲು ಮುಚ್ಚಿತು. 1974ರಲ್ಲಿ ಕೃಷ್ಣಮೃಗಕ್ಕಾಗಿ ಘೋಷಿಸಿದ ಕರ್ನಾಟಕದ ರಾಣೆಬೆನ್ನೂರಿನ ಅಭಯಾರಣ್ಯದಲ್ಲೂ ಇದೇ ಕಥೆ. ಅಲ್ಲಿ ನೀಲಗಿರಿ ನೆಡುತೋಪು ಎದ್ದಿತು, ಎರ್ಲಡ್ಡು ಕಾಣದಾಯಿತು. ಇಂದು ಇಡೀ ದೇಶದಲ್ಲಿ ಈ ಹಕ್ಕಿ ಸುಮಾರು 150 ಉಳಿದಿದೆ, ಹೆಚ್ಚಿನವು ರಾಜಸ್ಥಾನದಲ್ಲಿ. ನಮ್ಮ ಮಾಳದಲ್ಲಿ ಅದು ಕಂಡರೆ ಈಗ ಪತ್ರಿಕೆಯ ಸುದ್ದಿ.

ಮೇಯಿಸುವುದನ್ನು ಪೂರ್ತಿ ನಿಲ್ಲಿಸಿದರೆ ಹುಲ್ಲುಗಾವಲು ಉಳಿಯುತ್ತದೆಯೇ? ಇದಕ್ಕೆ ದೇಶದ ಬೇರೆ ಕಡೆಯ ಎರಡು ಅನುಭವಗಳನ್ನು ನೋಡಬೇಕು. ಮಧ್ಯಪ್ರದೇಶದ ಕರೇರಾದಲ್ಲಿ ಇದೇ ಹಕ್ಕಿಗಾಗಿ 1981ರಲ್ಲಿ ಅಭಯಾರಣ್ಯ ಮಾಡಿದರು. ನಿರ್ಬಂಧಗಳು ಬಿಗಿಯಾದವು, ಕೃಷ್ಣಮೃಗ ಹೆಚ್ಚಿ ಪೈರು ತಿಂದವು, ಊರಿನವರು ದೂರವಾದರು. 1990ರ ದಶಕದಲ್ಲಿ ಹಕ್ಕಿ ಅಲ್ಲಿಂದ ಕಣ್ಮರೆಯಾಯಿತು. ಈ ಹಕ್ಕಿಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಡಾ. ಅಸದ್ ರಹಮಾನಿ ಅವರು ಊರಿನವರನ್ನು ಬಿಟ್ಟು ಹುಲ್ಲುಗಾವಲು ಕಾಯಲಾಗದು ಎಂದು ಹೇಳುತ್ತ ಬಂದಿದ್ದಾರೆ. ಎರಡನೆಯದು ನೀರಿನ ಬದಿಯ ಕಥೆ. ರಾಜಸ್ಥಾನದ ಭರತಪುರದ ಪಕ್ಷಿಧಾಮದಲ್ಲಿ 1982ರಲ್ಲಿ ಎಮ್ಮೆ ದನಗಳನ್ನು ಒಮ್ಮೆಲೇ ನಿಷೇಧಿಸಿದರು. ಪ್ರತಿಭಟನೆಯ ಮೇಲೆ ಗೋಲಿಬಾರ್ ನಡೆದು ಊರಿನವರು ಪ್ರಾಣ ಕಳೆದುಕೊಂಡರು. ಆಮೇಲೆ ಆದದ್ದೇನು? ಎಮ್ಮೆ ತಿನ್ನುತ್ತಿದ್ದ ನೀರುಹುಲ್ಲು ಹೊಂಡಗಳನ್ನೇ ಮುಚ್ಚಿತು, ಹಕ್ಕಿಗಳಿಗೆ ನೀರು ಸಿಗದಾಯಿತು. ಮುಂಬಯಿಯ ನಿಸರ್ಗ ಇತಿಹಾಸ ಸಂಘದ ದೀರ್ಘ ಅಧ್ಯಯನವೇ ಇದನ್ನು ತೋರಿಸಿತು.

ಹಾಗೆಂದು ಎಷ್ಟು ಮೇಯಿಸಿದರೂ ನಡೆಯುತ್ತದೆ ಎಂದು ನಾವು ಹೇಳುತ್ತಿಲ್ಲ. ನಮ್ಮ ಮಡ್ಡಿಗಳು ಇಂದು ಬೋಳಾಗಿರುವುದು ನಿಜ. 1973ರಲ್ಲಿ ದಬಡಘಾವ್ ಮತ್ತು ಶಂಕರನಾರಾಯಣ್ ಅವರು ಭಾರತದ ಹುಲ್ಲುಗಾವಲುಗಳನ್ನು ಐದು ಬಗೆಯಾಗಿ ವಿಂಗಡಿಸಿದರು. ನಮ್ಮದು ಸೆಹಿಮಾ-ಡೈಕಾಂಥಿಯಂ ಬಗೆ. ಸೆಹಿಮಾ ಎಂದರೆ ಮರಾಠಿಯವರ ಪವನ್ಯಾ, ಒಳ್ಳೆಯ ಮೇವು. ಅತಿಯಾಗಿ ಮೇಯಿಸಿದರೆ ಮೊದಲು ಅದು ಹೋಗುತ್ತದೆ. ಬಟ್ಟೆಗೆ, ಉಣ್ಣೆಗೆ ಚುಚ್ಚುವ ಮುಳ್ಳುಬೀಜದ ಹುಲ್ಲು ಬರುತ್ತದೆ. ಇನ್ನೂ ಮೇಯಿಸಿದರೆ ಕುರಿಯೂ ಮೂಸದ ಒರಟು ಹುಲ್ಲು ಮಾತ್ರ ಉಳಿಯುತ್ತದೆ, ಕೊನೆಗೆ ಗರಸು. ಆದರೆ ಇಲ್ಲಿ ಒಂದು ಮಾತು ಕೇಳಬೇಕು. ಹಿಂಡು ಒಂದೇ ಮಡ್ಡಿಯಲ್ಲಿ ವರ್ಷವಿಡೀ ನಿಲ್ಲುವಂತೆ ಆದದ್ದು ಹೇಗೆ?

ಉತ್ತರ ಹೊಳೆಸಾಲಿನಲ್ಲಿದೆ. ಭೀಮೆಗೆ ಉಜನಿ ಆಣೆಕಟ್ಟು 1980ರಲ್ಲಿ ಮುಗಿಯಿತು. ಕಾಲುವೆ ಬಂತು, ಕಬ್ಬು ಬಂತು, ಸಕ್ಕರೆ ಕಾರ್ಖಾನೆಗಳು ಬಂದವು. ಬರದ ನಾಡಿಗೆ ನೀರು ಬಂದದ್ದಕ್ಕೆ ಯಾರೂ ದುಃಖಪಡುವುದಿಲ್ಲ. ನಮ್ಮ ಎಷ್ಟೋ ವಿದ್ಯಾರ್ಥಿಗಳ ಮನೆ ಬೆಳಗಿದ್ದು ಅದರಿಂದಲೇ. ಆದರೆ ಕಬ್ಬು ವರ್ಷವಿಡೀ ನಿಲ್ಲುವ ಬೆಳೆ. ಕೂಳೆ ಮೇಯಿಸುವ ಬಿಡುವು ಇಲ್ಲ, ಕುರಿ ತರುಬಲು ಜಾಗವಿಲ್ಲ. ದಂಡೆಯ ತುದಿಯವರೆಗೆ ಕಬ್ಬು, ಉಳಿದ ಕಡೆ ಬಳ್ಳಾರಿ ಜಾಲಿ. ಬೇಸಿಗೆಯ ಮೇವು ತಪ್ಪಿದ ಮೇಲೆ ಹಿಂಡು ಮಡ್ಡಿ ಬಿಡಲಿಲ್ಲ; ಮಡ್ಡಿಗೆ ಬಿಡುವು ಸಿಗಲಿಲ್ಲ. ಹೊಳೆದಂಡೆ ಮತ್ತು ಮಡ್ಡಿ ಎರಡೂ ಒಂದೇ ನೊಗದ ಎತ್ತುಗಳಿದ್ದಂತೆ. ಒಂದನ್ನು ಬಿಚ್ಚಿದರೆ ಇನ್ನೊಂದು ಕುಸಿಯುತ್ತದೆ. ಮಡ್ಡಿ ಕೆಟ್ಟದ್ದಕ್ಕೆ ಕುರುಬನೊಬ್ಬನನ್ನೇ ಬೆರಳು ಮಾಡುವವರು ಈ ಅರ್ಧ ಕಥೆಯನ್ನು ಮರೆಯುತ್ತಾರೆ.

ಮಹಾರಾಷ್ಟ್ರದ ರಾಳೇಗಣ ಸಿದ್ಧಿ, ಹಿವರೇ ಬಾಜಾರ ಊರುಗಳು ‘ಚರಾಯಿ ಬಂದಿ’ ಮಾಡಿ, ಹುಲ್ಲನ್ನು ಕೊಯ್ದು ತಂದು ಕಟ್ಟಿದ ದನಗಳಿಗೆ ಹಾಕಿ ಗೆದ್ದವು. ಅದರಿಂದ ಕಲಿಯಬೇಕಾದ್ದು ಬಹಳ ಇದೆ. ಬಿಡುವು ಕೊಟ್ಟರೆ ಹುಲ್ಲು ಎಷ್ಟು ಬೇಗ ಮರಳುತ್ತದೆ ಎಂದು ಅವು ತೋರಿಸಿದವು. ಆದರೆ ಅದು ಆಕಳು ಕಟ್ಟಿದವನಿಗೆ ಒಗ್ಗುವ ಪದ್ಧತಿ. ನೂರು ಕುರಿಯನ್ನು ಕಟ್ಟಿ ಮೇಯಿಸಲಾಗದು. ಗಾಯರಾನದ ವಿಷಯವೂ ಅಷ್ಟು ಸರಳವಲ್ಲ. 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಊರಿನ ಸಾಮಾನ್ಯ ನೆಲದ ಒತ್ತುವರಿ ತೆರವು ಮಾಡಲು ಎಲ್ಲ ರಾಜ್ಯಗಳಿಗೆ ಹೇಳಿತು. ನ್ಯಾಯವೇ. ಆದರೆ ಭೂಮಿಯೇ ಇಲ್ಲದ ದಲಿತರು ಒಂದು ತುತ್ತಿಗಾಗಿ ಗಾಯರಾನದ ತುಂಡು ಉತ್ತದ್ದೂ ಇದೆ. ದಾದಾಸಾಹೇಬ ಗಾಯಕವಾಡರು 1959 ಮತ್ತು 1964ರಲ್ಲಿ ನಡೆಸಿದ ಭೂಸತ್ಯಾಗ್ರಹ ಅವರಿಗಾಗಿಯೇ. ಬಡವರ ತುಂಡು ಮತ್ತು ಬಲಿತವರ ಎಕರೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು.

2006ರಲ್ಲಿ ಯೋಜನಾ ಆಯೋಗದ ಹುಲ್ಲುಗಾವಲು ಮತ್ತು ಮರುಭೂಮಿ ಕಾರ್ಯಪಡೆ ಒಂದು ಸರಳ ಸತ್ಯವನ್ನು ಎತ್ತಿ ತೋರಿಸಿತು. ಅರಣ್ಯ ಇಲಾಖೆಗೆ ಮರದ ಚಿಂತೆ, ಕೃಷಿ ಇಲಾಖೆಗೆ ಬೆಳೆಯ ಚಿಂತೆ, ಪಶು ಇಲಾಖೆಗೆ ದನದ ಚಿಂತೆ. ಹುಲ್ಲಿನ ಚಿಂತೆ ಮಾಡುವ ಇಲಾಖೆಯೇ ಇಲ್ಲ. ಇಂದು ಪವನಚಕ್ಕಿಗೆ, ಸೋಲಾರ್ ಫಲಕಕ್ಕೆ ಜಾಗ ಹುಡುಕುವವರು ಮೊದಲು ನೋಡುವುದು ಇದೇ ‘ಖಾಲಿ’ ನೆಲವನ್ನು. ವಿಶ್ವಸಂಸ್ಥೆ 2026ನೇ ಇಸವಿಯನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತಾರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ನ್ಯೂಯಾರ್ಕಿನಲ್ಲಿ ಗೊತ್ತಾದದ್ದು ನಮ್ಮ ತಲಾಠಿ ಕಚೇರಿಗೂ ಗೊತ್ತಾಗಲಿ ಎಂಬುದು ನಮ್ಮ ಆಸೆ.

ಊರಿನ ಮಟ್ಟದಲ್ಲಿ ಮಾಡಬಹುದಾದ್ದು ದೊಡ್ಡ ವಿಜ್ಞಾನವೇನಲ್ಲ, ಹಿರಿಯರು ಮಾಡುತ್ತಿದ್ದದ್ದೇ. ಮಡ್ಡಿಯನ್ನು ಮೂರು ನಾಲ್ಕು ಪಾಲು ಮಾಡಿ ಪ್ರತಿ ಮಳೆಗಾಲ ಒಂದು ಪಾಲಿಗೆ ಬೀಜ ಉದುರುವವರೆಗೆ ಬಿಡುವು ಕೊಡುವುದು. ಉಳಿದ ಪಾಲುಗಳಲ್ಲಿ ಹಿಂಡು ಸುತ್ತುತ್ತಿರುವುದು. ಹೊಳೆದಂಡೆಗೆ ಮಳೆಗಾಲದಲ್ಲಿ ಹೋಗದೆ, ಬೇಸಿಗೆಯಲ್ಲಿ ನೀರಿಗೆ ಇಳಿಯಲು ಒಂದೆರಡು ಗೊತ್ತಾದ ದಾರಿ ಇಟ್ಟು, ಉಳಿದ ದಂಡೆ ಕುಸಿಯದಂತೆ ಕಾಯುವುದು. ಮಾಳದಲ್ಲಿ ಮರ ನೆಡುವ ಮೊದಲು ಅಲ್ಲಿ ಯಾವ ಹುಲ್ಲಿದೆ ಎಂದು ಕೇಳುವುದು. ಹೊರಗಿನಿಂದ ಬರುವ ಹಿಂಡಿನ ಜೊತೆ ಗ್ರಾಮಸಭೆ ಮೊದಲೇ ಮಾತಾಡಿ ದಿನ ಗೊತ್ತುಮಾಡುವುದು. ಇದನ್ನು ಗ್ರಾಮಪಂಚಾಯತಿ, ಕುರುಬರು, ರೈತರು ಒಂದೆಡೆ ಕುಳಿತೇ ಮಾಡಬೇಕು. ಬೇಲಿಯೊಂದೇ ಈ ಕೆಲಸ ಮಾಡದು.

ಶಾಲೆಯಲ್ಲಿ ನಾವು ಮಾಡಿದ್ದು ಇಷ್ಟು. ಮರುವಾರ ಮಕ್ಕಳಿಗೆ ಮನೆಗೆಲಸ ಕೊಟ್ಟೆವು: ಅಜ್ಜ ಅಜ್ಜಿಯರನ್ನು ಕೇಳಿ ನಿಮ್ಮ ಮಡ್ಡಿಯ ಹುಲ್ಲುಗಳ ಹೆಸರು ಬರೆದು ತನ್ನಿ, ಯಾವುದನ್ನು ಕುರಿ ಮೊದಲು ತಿನ್ನುತ್ತದೆ, ಯಾವುದನ್ನು ಬಿಡುತ್ತದೆ ಎಂದೂ ಬರೆಯಿರಿ. ಬಹಳ ಮಕ್ಕಳು ಮೂರು ನಾಲ್ಕು ಹೆಸರು ತಂದರು. ಪ್ರಶ್ನೆ ಕೇಳಿದ ಹುಡುಗನ ಪಟ್ಟಿ ಒಂದು ಪುಟ ತುಂಬಿತ್ತು. ಕೆಲವು ಹೆಸರು ನಾವು ಕೇಳಿಯೇ ಇರಲಿಲ್ಲ. ಅವನ ಅಜ್ಜ ಹೇಳಿ ಬರೆಸಿದ್ದರಂತೆ. ಆ ದಿನ ವರ್ಗದಲ್ಲಿ ಯಾರೂ ನಗಲಿಲ್ಲ.

ಜೋಳದ ರಾಶಿ ಮುಗಿದರೆ ಆ ಮನೆಯವರು ಹಿಂಡಿನ ಜೊತೆ ಹೊರಡುತ್ತಾರೆ. ಹಿಂದಿನ ಸಾಲಿನ ಜಾಗ ಕೆಲವು ತಿಂಗಳು ಖಾಲಿ ಇರುತ್ತದೆ. ಹಾಜರಿ ಪುಸ್ತಕದಲ್ಲಿ ನಾವೂ ‘ಗೈರು’ ಎಂದು ಬರೆಯಬೇಕಾಗುತ್ತದೆ. ಉತಾರದ ಖರಾಬಿನಂತೆ ಇದೂ ಕಾಗದ ಹೇಳುವ ಅರ್ಧ ಮಾತು. ಆತ ಎಲ್ಲಿ ಹೋದ, ಏನು ಕಲಿಯುತ್ತಿದ್ದಾನೆ ಎಂಬುದು ಅದರಲ್ಲಿಲ್ಲ. ಆ ಹಾಳೆಯನ್ನು ನಾವು ಜೋಪಾನವಾಗಿ ಇಟ್ಟಿದ್ದೇವೆ. ನಿಮ್ಮ ಊರಿನ ಮಕ್ಕಳಿಂದಲೂ ಇಂಥದೊಂದು ಹಾಳೆ ಬರೆಸಿರಿ. ಹೆಸರು ಹೇಳಬಲ್ಲ ಅಜ್ಜಂದಿರು ಇನ್ನೂ ಇದ್ದಾರೆ.